ಸಭೆಗೆ ಹೋಗುವ ಮುಂಚೆ: ನಾವು ದಿನಕ್ಕೆ ನಿಜವಾಗಿ ಎಷ್ಟು ಗಂಟೆ ದುಡಿಯುತ್ತೇವೆ?

ಗುಬ್ಬಿ ರಸ್ತೆ (ಬಿಪಿಎಂ, ಅಂದರೆ ಹಳ್ಳಿಯ ಶಾಖಾ ಅಂಚೆ ಕಚೇರಿಯ ಪೋಸ್ಟ್‌ಮಾಸ್ಟರ್, ತುಮಕೂರು):

ತುಮಕೂರು ಕಡೆಯ ಜಿಡಿಎಸ್ (ಗ್ರಾಮೀಣ ಡಾಕ್ ಸೇವಕ) ಬಂಧುಗಳಿಗೆಲ್ಲ ನಮಸ್ಕಾರ. ಕೋಲಾರ, ಚಿಕ್ಕಬಳ್ಳಾಪುರದವರೂ ಓದಿ ಹೇಳಿ. ನಿಮ್ಮ ಕಡೆಯೂ ಇದೇ ಕಥೆ ಅಂತ ಗೊತ್ತು.

ಮುಂದಿನ ತಿಂಗಳು ನಮ್ಮ ಸಂಘದ ಶಾಖೆಗೆ ಅಂಚೆ ಇಲಾಖೆಯ ಅಧಿಕಾರಿಗಳ ಜೊತೆ ಸಭೆ ಇದೆ. ಯಾವ ವಿಷಯ ಮಾತಾಡಬೇಕು ಅನ್ನುವ ಪಟ್ಟಿಯನ್ನು ಮುಂಚೆಯೇ ಕೊಡಬೇಕು. ಹೋದ ಭಾನುವಾರ ಸಮಿತಿಯವರು ಕೂತು ಬರೆದೆವು. ಇಪ್ಪತ್ತಮೂರು ಬೇಡಿಕೆ ಆಯಿತು. ಪಿಂಚಣಿ, ಎಂಟು ಗಂಟೆ ಕೆಲಸ, ಎಂಟನೇ ವೇತನ ಆಯೋಗ, 180 ದಿನದ ರಜೆಗೆ ದುಡ್ಡು, ಗ್ರ್ಯಾಚುಟಿ ಐದು ಲಕ್ಷ, ಮನೆಯವರಿಗೆ ಆಸ್ಪತ್ರೆ ಖರ್ಚು. ಒಂದೂ ತಪ್ಪು ಬೇಡಿಕೆ ಅಲ್ಲ. ಆದರೆ ಮನೆಗೆ ಬಂದು ಮತ್ತೆ ಓದಿದಾಗ ಮನಸ್ಸಿಗೆ ಕಸಿವಿಸಿ ಆಯಿತು. ಇದರಲ್ಲಿ ಮುಕ್ಕಾಲು ಪಾಲು, ಮೇಜಿನ ಆ ಕಡೆ ಕೂತವರ ಕೈಯಲ್ಲಿ ಇಲ್ಲವೇ ಇಲ್ಲ. ಅವರು "ಮೇಲಕ್ಕೆ ಕಳಿಸುತ್ತೇವೆ" ಅನ್ನುತ್ತಾರೆ. ಬರೆದುಕೊಳ್ಳುತ್ತಾರೆ. ನಾವು ಟೀ ಕುಡಿದು ಎದ್ದು ಬರುತ್ತೇವೆ. ನಾನು ನೋಡಿದ ಮೂರು ಸಭೆಯೂ ಹೀಗೇ ಮುಗಿದವು.

ಅದಕ್ಕೆ ನನ್ನ ಮಾತು ಇಷ್ಟು. ಈ ಸಲ ಮೊದಲ ವಿಷಯವಾಗಿ ಒಂದನ್ನೇ ಇಡೋಣ. ನಾವು ದಿನಕ್ಕೆ ನಿಜವಾಗಿ ಎಷ್ಟು ಹೊತ್ತು ಕೆಲಸ ಮಾಡುತ್ತೇವೆ ಅನ್ನುವುದು.

ಯಾಕೆ ಅಂದರೆ ನಮಗೆ ಬರುವುದು ಸಂಬಳ ಅಲ್ಲ, ಟಿಆರ್‌ಸಿಎ. ಅದೊಂದು ಭತ್ಯೆ, ಹೊತ್ತಿನ ಲೆಕ್ಕದಲ್ಲಿ ಕೊಡುವ ಭತ್ಯೆ. 2018ರ ಜುಲೈ 1ರಿಂದ ಬಂದ ಲೆಕ್ಕ ಎಲ್ಲರಿಗೂ ಬಾಯಿಪಾಠ: ನಾಲ್ಕು ಗಂಟೆಯ ಬಿಪಿಎಂಗೆ 12,000, ಐದು ಗಂಟೆಗೆ 14,500. ಎಬಿಪಿಎಂ (ಬಿಪಿಎಂಗೆ ಸಹಾಯಕ) ಮತ್ತು ಡಾಕ್ ಸೇವಕರಿಗೆ ನಾಲ್ಕು ಗಂಟೆಗೆ 10,000, ಐದು ಗಂಟೆಗೆ 12,000. ಅದರ ಮೇಲೆ ಡಿಎ, ಅಂದರೆ ತುಟ್ಟಿಭತ್ಯೆ. ನಿಯಮದಲ್ಲಿ ಕೆಲಸ ನಾಲ್ಕು ಗಂಟೆಗಿಂತ ಕಮ್ಮಿ ಇಲ್ಲ, ಐದು ಗಂಟೆಗಿಂತ ಜಾಸ್ತಿ ಇಲ್ಲ. ನಮ್ಮ ಪೂರಾ ಬದುಕು ನಿಂತಿರುವುದು ಈ ನಾಲ್ಕು, ಐದು ಅನ್ನುವ ಎರಡು ಅಂಕಿಯ ಮೇಲೆ. ಆ ಅಂಕಿ ಸುಳ್ಳು ಅಂತ ತೋರಿಸಿದರೆ ಉಳಿದ ಇಪ್ಪತ್ತೆರಡು ಬೇಡಿಕೆಗೂ ಬಲ ಬರುತ್ತದೆ. ತೋರಿಸದಿದ್ದರೆ "ನಾಲ್ಕು ಗಂಟೆ ಕೆಲಸಕ್ಕೆ ಪಿಂಚಣಿ ಯಾಕೆ" ಅನ್ನುವ ಒಂದೇ ಮಾತಿಗೆ ನಮ್ಮ ಬಾಯಿ ಮುಚ್ಚಿಸುತ್ತಾರೆ.

ನನ್ನದು ನಾಲ್ಕು ಗಂಟೆಯ ಆಫೀಸು. ನನ್ನ ದಿನ ಹೇಳುತ್ತೇನೆ. ಬೆಳಿಗ್ಗೆ 8.20ಕ್ಕೆ ಬಸ್ ಸ್ಟಾಪಿನಲ್ಲಿ ಅಂಚೆ ಚೀಲಕ್ಕೆ ಕಾಯುತ್ತೇನೆ, ನಮ್ಮ ಎಬಿಪಿಎಂ ಹುದ್ದೆ ಖಾಲಿ ಬಿದ್ದು ಹದಿನಾಲ್ಕು ತಿಂಗಳಾಯಿತು. 9ಕ್ಕೆ ಸೀಲು ನೋಡಿ ಚೀಲ ಬಿಚ್ಚಿ, ಸ್ಲಿಪ್ ಜೊತೆ ತಾಳೆ ನೋಡಿ, ಕ್ಯಾಶ್ ಎಣಿಸಿ, ಕೌಂಟರ್ ಶುರು. ಒಂದು ಗಂಟೆಗೆ ಕಾಗದದ ಮೇಲೆ ನನ್ನ ಕೆಲಸ ಮುಗಿಯಿತು. ಆಮೇಲೆ ಬಟವಾಡೆಗೆ ಹೊರಡುತ್ತೇನೆ. ಮೂರು ಊರು. ವಾಪಸ್ ಬಂದಾಗ ನಾಲ್ಕು. ಆಫೀಸು ಅಂದರೆ ನಮ್ಮ ಮನೆಯ ಮುಂದಿನ ಕೋಣೆ. ಕೂಲಿ ಮುಗಿಸಿ ಬಂದವರು ಐದು ಗಂಟೆಗೆ ಬಾಗಿಲಿಗೆ ಬರುತ್ತಾರೆ. ಬೆಳಿಗ್ಗೆ ಬನ್ನಿ ಅಂದರೆ ಅವರಿಗೆ ಒಂದು ದಿನದ ಕೂಲಿ ಹೋಗುತ್ತದೆ. ಹೇಗೆ ಅನ್ನಲಿ?

ಎಲ್ಲರೂ ಒಂದು ತಿಂಗಳು ನೂರು ಪುಟದ ನೋಟ್‌ಬುಕ್ ಇಟ್ಟು ಬರೆಯೋಣ. ಎಷ್ಟಕ್ಕೆ ಶುರು, ಎಷ್ಟಕ್ಕೆ ಮುಗಿಯಿತು, ನಡುವೆ ಏನು. ಅದನ್ನು ಹಿಡಿದು ಸಭೆಗೆ ಹೋಗೋಣ. ಏನನ್ನುತ್ತೀರಿ?

ಎಬಿಪಿಎಂ ಎರಡನೇ ವರ್ಷ:

ಅಣ್ಣ, ನಾನು ಇವತ್ತಿನಿಂದಲೇ ಬರೆಯುತ್ತೇನೆ. ಒಂದು ಲೆಕ್ಕ ಹಾಕಿದೆ, ನೋಡಿ. 2025ರ ಜುಲೈನ ಡಿಎ 58 ಪರ್ಸೆಂಟ್ ಅಂತ ಹಿಡಿಯಿರಿ. ನನ್ನ 10,000ಕ್ಕೆ ಅದು ಸೇರಿ 15,800. ತಿಂಗಳಿಗೆ 26 ದಿನ, ದಿನಕ್ಕೆ ನಾಲ್ಕು ಗಂಟೆ ಅಂದರೆ ಗಂಟೆಗೆ 152 ರೂಪಾಯಿ ಬೀಳುತ್ತದೆ. ಚೆನ್ನಾಗಿಯೇ ಇದೆ ಅನ್ನಿಸುತ್ತದೆ ಅಲ್ವಾ? ಆದರೆ ನಾನು ಬೆಳಿಗ್ಗೆ ಎಂಟೂವರೆಗೆ ಬೈಕ್ ಹತ್ತಿದರೆ ಇಳಿಯುವುದು ನಾಲ್ಕೂವರೆಗೆ. ಎಂಟು ಗಂಟೆ. ಆಗ ಗಂಟೆಗೆ 76. ಪೆಟ್ರೋಲು ನನ್ನದೇ.

ಇನ್ನೊಂದು ವಿಷಯ. ಸೇರುವಾಗ ನಾವೆಲ್ಲ ಒಂದು ಮುಚ್ಚಳಿಕೆ ಬರೆದುಕೊಟ್ಟಿದ್ದೇವೆ, ನೆನಪಿದೆಯಾ? ಈ ಭತ್ಯೆ ಬಿಟ್ಟು ನನಗೆ ಬೇರೆ ಆದಾಯ ಇದೆ, ಇದನ್ನೇ ನಂಬಿಕೊಂಡಿಲ್ಲ ಅಂತ. ನಾನೂ ಸಹಿ ಹಾಕಿದೆ. ಹತ್ತನೇ ಕ್ಲಾಸಿನ ಅಂಕದ ಮೇಲೆ ಕೆಲಸ ಸಿಕ್ಕಿದ ಖುಷಿಯಲ್ಲಿ ಸರಿಯಾಗಿ ಓದಲೂ ಇಲ್ಲ. ಬೇರೆ ಆದಾಯ ಅಂದರೆ ನಮ್ಮದು ಒಂದು ಎಕರೆ ರಾಗಿ ಹೊಲ. ಎಂಟು ಗಂಟೆ ಅಂಚೆ ಕೆಲಸ ಮಾಡಿ ಹೊಲಕ್ಕೆ ಯಾವಾಗ ಹೋಗಲಿ? ಈ ಸಲ ಕಳೆ ತೆಗೆಯುವ ಹೊತ್ತಿಗೆ ನಾನು ಬೀಟ್‌ನಲ್ಲಿ, ಅಂದರೆ ಬಟವಾಡೆ ಸುತ್ತಿನಲ್ಲಿ ಇದ್ದೆ. ಅಮ್ಮ ಒಬ್ಬಳೇ ತೆಗೆದಳು. ಬೇರೆ ಆದಾಯ ಇರಬೇಕು ಅಂತ ಬರೆಸಿಕೊಂಡು, ಅದನ್ನು ದುಡಿಯುವ ಹೊತ್ತನ್ನೂ ತೆಗೆದುಕೊಂಡರೆ ಹೇಗೆ?

ಕೋಲಾರಮ್ಮನ ಊರು:

ಗುಬ್ಬಿ ರಸ್ತೆಯವರೇ, ನಿಮ್ಮ ಕಾಳಜಿ ಅರ್ಥ ಆಯಿತು. ಆದರೂ ನಾನು ಒಪ್ಪುವುದಿಲ್ಲ. ಈಗ ದೊಡ್ಡ ಬೇಡಿಕೆ ಬಿಟ್ಟು ನೋಟ್‌ಬುಕ್ ಹಿಡಿಯುವ ಕಾಲ ಅಲ್ಲ.

ಎಂಟನೇ ವೇತನ ಆಯೋಗದ ಕಾರ್ಯವ್ಯಾಪ್ತಿಯನ್ನು 2025ರ ಅಕ್ಟೋಬರ್ 28ರಂದು ಕೇಂದ್ರ ಸಂಪುಟ ಒಪ್ಪಿತು. ನ್ಯಾಯಮೂರ್ತಿ ರಂಜನಾ ಪ್ರಕಾಶ್ ದೇಸಾಯಿ ಅಧ್ಯಕ್ಷರು, 18 ತಿಂಗಳಲ್ಲಿ ವರದಿ. ಆ ಪಟ್ಟಿಯಲ್ಲಿ ಜಿಡಿಎಸ್ ಅನ್ನುವ ಪದವೇ ಇಲ್ಲ. ಏಳನೇ ಆಯೋಗದಲ್ಲೂ ನಮ್ಮನ್ನು ಹೊರಗೇ ಇಟ್ಟರು. ಪ್ರತಿ ಸಲ ನಮಗೆ ಬೇರೆ ಸಮಿತಿ. ತಲ್ವಾರ್ ಸಮಿತಿ, ನಟರಾಜ ಮೂರ್ತಿ ಸಮಿತಿ, ಆಮೇಲೆ ಕಮಲೇಶ್ ಚಂದ್ರ ಸಮಿತಿ. ಕಮಲೇಶ್ ಚಂದ್ರ ಅವರು 2016ರ ನವೆಂಬರ್‌ನಲ್ಲಿ ವರದಿ ಕೊಟ್ಟರು. ಸಂಪುಟ ಒಪ್ಪಿದ್ದು 2018ರ ಜೂನ್ 6ಕ್ಕೆ. ಅದೂ ಮೇ 22ರಿಂದ ದೇಶದ ತುಂಬ ಜಿಡಿಎಸ್‌ಗಳು ಮುಷ್ಕರ ಕೂತ ಮೇಲೆ. ಇಲಾಖೆಯ ಕಾಯಂ ನೌಕರನ ಅತಿ ಕಡಿಮೆ ಮೂಲ ವೇತನ 18,000. ಡಿಎ ಸೇರಿ 28,440. ಮನೆ ಬಾಡಿಗೆ ಭತ್ಯೆ ಬೇರೆ. ನಮ್ಮ ಹುಡುಗನಿಗೆ 15,800. ಈ ಅಂತರ ಯಾವ ನೋಟ್‌ಬುಕ್ಕಿನಿಂದಲೂ ತುಂಬುವುದಿಲ್ಲ. ಎಲ್ಲ ಶಾಖೆಯೂ ಒಂದೇ ದನಿಯಲ್ಲಿ ಆಯೋಗದ ಒಳಗೆ ಸೇರಿಸಿ ಅಂತ ಕೂಗಬೇಕು. ಅದು ಬಿಟ್ಟರೆ ಇನ್ನು ಹತ್ತು ವರ್ಷ ಹೋಯಿತು.

ಇನ್ನೊಂದು ಭಯ. ನಿಯಮದಲ್ಲಿ ಐದು ಗಂಟೆಗಿಂತ ಜಾಸ್ತಿ ಇಲ್ಲ. ನೀವು ಎಂಟು ಗಂಟೆ ಅಂತ ಬರೆದುಕೊಟ್ಟರೆ "ಮಾಡಿ ಅಂತ ಯಾರು ಹೇಳಿದರು?" ಅನ್ನುತ್ತಾರೆ. ತಪ್ಪು ನಮ್ಮ ತಲೆಗೇ ಬರುತ್ತದೆ.

ಗಡಿ ಊರಿನ ಬಿಪಿಎಂ:

ನಾನು ಇಲ್ಲಿ ಬರೆಯುವುದು ಕಮ್ಮಿ. ಇವತ್ತು ಬರೆಯಲೇಬೇಕು ಅನ್ನಿಸಿತು.

ನನಗೆ ಬೇರೆಯದೇ ಭಯ. ನಮ್ಮದು ಆಂಧ್ರ ಗಡಿಯ ಚಿಕ್ಕ ಊರು. ದಿನಕ್ಕೆ ಏಳೋ ಎಂಟೋ ವ್ಯವಹಾರ ಆದರೆ ಹೆಚ್ಚು. ಕೆಲವು ದಿನ ಮೂರು. ಹಾಗಿರುವಾಗ ಗಂಟೆ ಅಳೆಯಿರಿ ಅಂತ ನಾವೇ ಕೇಳಿದರೆ ನನ್ನ ಆಫೀಸಿನ ಗತಿ ಏನು? ದೊಡ್ಡ ಊರಿನವರಿಗೆ ನಾಲ್ಕು ಇರುವುದು ಐದು ಆಗಬಹುದು. ನನ್ನಂಥವರಿಗೆ "ನಿಮಗೆ ಎರಡು ಗಂಟೆ ಕೆಲಸವೂ ಇಲ್ಲ" ಅಂತ ಹೇಳಿ, ಪಕ್ಕದ ಆಫೀಸಿಗೆ ಸೇರಿಸಿಬಿಟ್ಟರೆ? ಗಂಡ ತೀರಿಕೊಂಡ ಮೇಲೆ ನನಗೆ ಇರುವುದು ಇದೊಂದೇ. ಸಂಘ ಎಲ್ಲರಿಗೂ ಸೇರಿದ್ದು ಅಲ್ವಾ? ಜೋರಾಗಿ ಮಾತಾಡುವವರೆಲ್ಲ ದೊಡ್ಡ ಆಫೀಸಿನವರು. ನಮ್ಮಂಥವರು ಸಭೆಗೆ ಬರುವುದೇ ಕಷ್ಟ. ಊರಿಂದ ತುಮಕೂರಿಗೆ ಬಂದು ಹೋಗಲು ಒಂದು ದಿನ ಬೇಕು, ಆ ದಿನಕ್ಕೆ ಬದಲಿ ಆಳು ಬೇಕು.

ತಪ್ಪಾಗಿ ತಿಳಿಯಬೇಡಿ ಅಣ್ಣ. ನಿಮ್ಮ ಉದ್ದೇಶದ ಬಗ್ಗೆ ನನಗೆ ಅನುಮಾನ ಇಲ್ಲ.

ತಿಪಟೂರು ಹಳಬ:

ನಾನು ಇಡಿ ಆಗಿ ಸೇರಿದವನು. ಆಗ ಎಕ್ಸ್‌ಟ್ರಾ ಡಿಪಾರ್ಟ್‌ಮೆಂಟಲ್ ಅನ್ನುತ್ತಿದ್ದರು. ಪರೀಕ್ಷೆ ಬರೆದು ಪೋಸ್ಟ್‌ಮನ್ ಆದೆ, ನಿವೃತ್ತಿ ಆಗಿ ಬಹಳ ವರ್ಷ ಆಯಿತು. ಈ ಚರ್ಚೆ ಓದಿ ಸುಮ್ನೆ ಇರಲು ಆಗಲಿಲ್ಲ.

ಮೊದಲು ಹಿಂದಿನದು ಸ್ವಲ್ಪ ಹೇಳುತ್ತೇನೆ. ಹೊಸ ಹುಡುಗರಿಗೆ ಗೊತ್ತಿರಲಿ. ಇಡಿ ಪದ್ಧತಿ ಬ್ರಿಟಿಷರ ಕಾಲದ್ದು. ಊರಿನ ಮೇಷ್ಟ್ರು, ಅಂಗಡಿ ಇಟ್ಟವರು, ಅಂಥವರಿಗೆ ಬಿಡುವಿನ ಹೊತ್ತಲ್ಲಿ ಒಂದಿಷ್ಟು ಅಂಚೆ ಕೆಲಸ ನೋಡಿಕೊಳ್ಳಿ ಅಂತ ಕೊಟ್ಟರು. ಬೇರೆ ಆದಾಯ ಇರಬೇಕು ಅನ್ನುವ ಮಾತಿನ ಬೇರು ಅಲ್ಲಿದೆ. ಆಗ ಅದು ನಿಜವೂ ಆಗಿತ್ತು. ಕಾಗದ ಬಂದರೆ ಕೊಡುವುದು, ಸ್ಟಾಂಪು ಮಾರುವುದು, ಅಷ್ಟೇ. ಆಮೇಲೆ ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಉಳಿತಾಯ) ಬಂತು, 1995ರಲ್ಲಿ ಗ್ರಾಮೀಣ ಅಂಚೆ ವಿಮೆ ಬಂತು, ಉದ್ಯೋಗ ಖಾತ್ರಿ ಕೂಲಿ, ಸುಕನ್ಯಾ, 2018ರಲ್ಲಿ ಪೇಮೆಂಟ್ಸ್ ಬ್ಯಾಂಕು, ಹೆಬ್ಬೆಟ್ಟಿನ ಮಿಷನ್ನು. ಕೆಲಸ ಬೆಳೆದು ಮರ ಆಯಿತು, ಕುಂಡ ಮಾತ್ರ ಅದೇ. 1977ರಲ್ಲಿ ರಾಜಮ್ಮ ಅನ್ನುವವರ ಕೇಸಿನಲ್ಲಿ ಸುಪ್ರೀಂ ಕೋರ್ಟು, ಇಡಿ ಹುದ್ದೆ ಸರ್ಕಾರದ ಹುದ್ದೆಯೇ, ಹೇಳದೆ ಕೇಳದೆ ಕಿತ್ತುಹಾಕುವ ಹಾಗಿಲ್ಲ ಅಂದಿತು. ಆದರೆ ಕಾಯಂ ಸೇವೆಯ ಒಳಗಲ್ಲ ಅಂತಲೂ ಅದೇ ತೀರ್ಪಿನಲ್ಲಿದೆ. ನೀವು ಇವತ್ತಿಗೂ ಆ ಹೊಸ್ತಿಲ ಮೇಲೇ ನಿಂತಿದ್ದೀರಿ.

2000ನೇ ಇಸವಿ ಡಿಸೆಂಬರ್‌ನಲ್ಲಿ ದೇಶದ ತುಂಬ ಹದಿನಾಲ್ಕು ದಿನ ಅಂಚೆ ಮುಷ್ಕರ ಆಯಿತು. ಇಡಿಗಳ ಪ್ರಶ್ನೆಯೇ ಅದರಲ್ಲಿ ಮುಖ್ಯ. ಕಾಯಂ ಆದ ನಾವೂ ಇಡಿಗಳಿಗಾಗಿ ಕೆಲಸ ಬಿಟ್ಟು ಕೂತೆವು. ಅದನ್ನು ಇವತ್ತಿಗೂ ಹೆಮ್ಮೆಯಿಂದ ಹೇಳುತ್ತೇನೆ. ಹಾಗಾಗಿ ಕೋಲಾರದವರು ಹೇಳುವ ದೊಡ್ಡ ದನಿ ಬೇಕೇ ಬೇಕು.

ಆದರೆ ಅಳತೆಯ ಬಗ್ಗೆ ನನ್ನದೊಂದು ಅನುಭವ ಇದೆ. ನನ್ನ ಬೀಟ್ ದಾಖಲೆಯಲ್ಲಿ ಒಂಬತ್ತು ಕಿಲೋಮೀಟರ್ ಅಂತ ಇತ್ತು. ಸೈಕಲ್ ತುಳಿಯುವವನಿಗೆ ಗೊತ್ತಾಗುವುದಿಲ್ಲವೇ? ಅರ್ಜಿ ಕೊಟ್ಟೆ. ಒಬ್ಬ ಅಧಿಕಾರಿ "ನಿನ್ನ ಕಾಲು ಹೇಳುವುದು ಲೆಕ್ಕ ಅಲ್ಲ" ಅಂದರು. ಮನೆಗೆ ಬಂದು ಯೋಚನೆ ಮಾಡಿದೆ. ಇಪ್ಪತ್ತೆಂಟು ಇಂಚಿನ ಚಕ್ರ ಒಂದು ಸುತ್ತು ಸುತ್ತಿದರೆ ಎರಡು ಮೀಟರ್ ಇಪ್ಪತ್ತು ಸೆಂಟಿಮೀಟರ್. ದಾರ ಹಿಡಿದು ಅಳೆದೆ. ಮುಂದಿನ ಚಕ್ರದ ಕಡ್ಡಿಗೆ ಒಂದು ಕೆಂಪು ಬಟ್ಟೆ ಕಟ್ಟಿದೆ. ಬಲಗಡೆ ಜೇಬಿನ ತುಂಬ ಹುಣಸೆ ಬೀಜ. ನೂರು ಸುತ್ತಿಗೆ ಒಂದು ಬೀಜ ಬಲ ಜೇಬಿನಿಂದ ಎಡ ಜೇಬಿಗೆ. ಯಾರಾದರೂ ಮಾತಾಡಿಸಿದರೆ ಲೆಕ್ಕ ತಪ್ಪುತ್ತದೆ ಅಂತ ಬಾಯಿ ಬಿಗಿ ಹಿಡಿದು ಹೋದೆ. ಜನ ನನಗೇನೋ ಆಗಿದೆ ಅಂದುಕೊಂಡರು. ಸಂಜೆ ಎಣಿಸಿದರೆ ಅರವತ್ತನಾಲ್ಕು ಬೀಜ. ಹದಿನಾಲ್ಕು ಕಿಲೋಮೀಟರ್. ಮೂರು ದಿನ ಹಾಗೇ ಮಾಡಿದೆ. ಒಂದು ದಿನ ಅರವತ್ತಮೂರು, ಇನ್ನೊಂದು ದಿನ ಅರವತ್ತನಾಲ್ಕು.

ಬೀಜಗಳನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಹೋಗಿ ಅದೇ ಅಧಿಕಾರಿಯ ಮೇಜಿನ ಮೇಲೆ ಇಟ್ಟೆ. ಅವರು ಬೈಯಲಿಲ್ಲ. ಸ್ವಲ್ಪ ಹೊತ್ತು ನೋಡಿದರು. ಮುಂದಿನ ವಾರ ಅಳೆಯುವುದಕ್ಕೆ ಆಳು ಬಂತು. ಎರಡು ತಿಂಗಳಲ್ಲಿ ನನ್ನ ಬೀಟಿನ ಒಂದು ಊರು ಪಕ್ಕದ ಬೀಟಿಗೆ ಹೋಯಿತು. ಅದಕ್ಕೂ ಮುಂಚೆ ಎರಡು ವರ್ಷ ಬರೀ ಬಾಯಿಮಾತಲ್ಲಿ ಹೇಳಿದ್ದೆ, ಏನೂ ಆಗಿರಲಿಲ್ಲ.

ಸಿರಾ ಗೇಟ್:

ನಾನು ಸಂಘದ ಚಂದಾ ನಿಲ್ಲಿಸಿ ಎರಡು ವರ್ಷ ಆಯಿತು. ಕಾರಣ ಹೇಳಿಬಿಡುತ್ತೇನೆ.

2023ರ ಡಿಸೆಂಬರ್ 12ರಿಂದ ಅನಿರ್ದಿಷ್ಟ ಮುಷ್ಕರ ಅಂದರು. ನಾನು ಬೀಗ ಹಾಕಿ ಬಂದು ಕೂತೆ. ಕೆಲವೇ ದಿನದಲ್ಲಿ ಮುಗಿಯಿತು ಅಂದರು. ಯಾವ ಮಾತಿನ ಮೇಲೆ ನಿಲ್ಲಿಸಿದರು, ಏನು ಒಪ್ಪಿದರು, ನನಗೆ ಯಾರೂ ಹೇಳಲಿಲ್ಲ. ಕೂಡುವಾಗ ನಾವು ಬೇಕು, ಏಳುವಾಗ ಯಾಕೆ ಬೇಡ? 2024ರ ಮಾರ್ಚ್‌ನಲ್ಲಿ 12, 24, 36 ವರ್ಷ ಆದವರಿಗೆ ಅಂತ ಯೋಜನೆ ಬಂತು. ವರ್ಷಕ್ಕೆ 4,320, 5,520, 7,200 ರೂಪಾಯಿ. ತಿಂಗಳಿಗೆ ಮಾಡಿದರೆ 360, 460, 600. ಬೇಡ ಅನ್ನುವುದಿಲ್ಲ. ಹನ್ನೆರಡು ವರ್ಷ ಚೀಲ ಹೊತ್ತವನಿಗೆ ತಿಂಗಳಿಗೆ 360 ಸಾಕೇ ಅಂತ ಒಂದು ಸಲ ನಮ್ಮನ್ನೂ ಕೇಳಬಹುದಿತ್ತು.

ನನ್ನ ತಂಗಿ ಗಂಡ ಅಮೆರಿಕದಲ್ಲಿದ್ದಾನೆ. ಅಲ್ಲಿ ಪೋಸ್ಟ್‌ಮನ್‌ಗಳ ಸಂಘ ಇಲಾಖೆ ಜೊತೆ ಒಪ್ಪಂದ ಮಾಡಿಕೊಂಡರೆ, ಆ ಕಾಗದ ಪ್ರತಿಯೊಬ್ಬ ಸದಸ್ಯನ ಮನೆಗೆ ಓಟಿಗೆ ಬರುತ್ತದಂತೆ. 2025ರ ಶುರುವಿನಲ್ಲಿ ನೂರಕ್ಕೆ ಎಪ್ಪತ್ತು ಜನ ಬೇಡ ಅಂತ ಓಟು ಹಾಕಿ ನಾಯಕರು ತಂದ ಒಪ್ಪಂದವನ್ನೇ ತಿರಸ್ಕರಿಸಿದರು. ಅಲ್ಲಿ ಅವರು ಮುಷ್ಕರ ಮಾಡುವ ಹಾಗಿಲ್ಲ, ಕಾನೂನು ಬಿಡುವುದಿಲ್ಲ. ಹಾಗಾಗಿ ಕೊನೆಗೆ ಮಧ್ಯಸ್ಥಗಾರರು ತೀರ್ಮಾನ ಹೇಳಿದರು, ಅದೇನೂ ದೊಡ್ಡ ಏರಿಕೆ ಆಗಿರಲಿಲ್ಲ. ಆದರೂ ಸದಸ್ಯನ ಕೈಗೆ ಕಾಗದ ಬಂತಲ್ಲ. ನಮ್ಮಲ್ಲಿ ಅಂಥ ಒಪ್ಪಂದವೇ ಇಲ್ಲ. ಆಯೋಗ, ಸಮಿತಿ, ಆದೇಶ, ಇಷ್ಟೇ. ಕಡೇ ಪಕ್ಷ ಶಾಖೆಯ ಒಳಗಾದರೂ ಓಟು ಇರಲಿ. ಗುಬ್ಬಿ ರಸ್ತೆಯವರ ನೋಟ್‌ಬುಕ್ ಬೇಕೋ ಬೇಡವೋ, ಅದನ್ನೂ ಓಟಿಗೆ ಹಾಕಿ. ಹಾಕಿದರೆ ನಾನು ಚಂದಾ ಕಟ್ಟುತ್ತೇನೆ.

ನಂದಿ ತಪ್ಪಲು:

ಚಿಕ್ಕಬಳ್ಳಾಪುರ ಕಡೆಯಿಂದ. ಬರೆಯುವುದಾದರೆ ಟಾರ್ಗೆಟ್ ಹೊತ್ತನ್ನೂ ಬರೆಯಿರಿ ಅಂತ ಕೈ ಮುಗಿದು ಕೇಳುತ್ತೇನೆ. ಮೇಳ ಇದೆ ಅಂತ ಸಂಜೆ ಮೆಸೇಜ್ ಬರುತ್ತದೆ. ನಾಳೆ ಇಷ್ಟು ಖಾತೆ, ಇಷ್ಟು ವಿಮೆ. ದ್ರಾಕ್ಷಿ ತೋಟದಲ್ಲಿ ಕೆಲಸ ಮಾಡುವವರ ಹಿಂದೆ ಸಾಲು ಸಾಲು ನಡೆದುಕೊಂಡು ಪಾಲಿಸಿ ಬಗ್ಗೆ ಹೇಳಿದ್ದೇನೆ. ಅವರ ಕೈಯಲ್ಲಿ ಕತ್ತರಿ, ನನ್ನ ಕೈಯಲ್ಲಿ ಫಾರಂ. ಒಂದು ತಿಂಗಳು ಲೆಕ್ಕ ತುಂಬಲಿಲ್ಲ ಅಂತ ನನ್ನ ದುಡ್ಡಲ್ಲೇ ನೂರು ರೂಪಾಯಿಯ ಆರ್‌ಡಿ ನಾಲ್ಕು ತೆಗೆದೆ. ಈಗಲೂ ಕಟ್ಟುತ್ತಿದ್ದೇನೆ. ಎಲ್ಲಿ, ಯಾರು ಅಂತ ಹೇಳುವುದಿಲ್ಲ, ಬೇಡ. ಆದರೆ ಆ ಹೊತ್ತು ಯಾವ ನಾಲ್ಕು ಗಂಟೆಯ ಒಳಗೆ ಬರುತ್ತದೆ?

ಕೊರಟಗೆರೆ ಕಡೆಯವನು:

ನಾನು ಅಂಚೆಯವನಲ್ಲ. ನಮ್ಮಮ್ಮನಿಗೆ ಪಿಂಚಣಿ ತಂದುಕೊಡುವವರು ನಿಮ್ಮವರೊಬ್ಬರು. ಅಡಿಕೆ ಸುಲಿದು ಸುಲಿದು ಅಮ್ಮನ ಬೆರಳಿನ ಗೆರೆ ಸವೆದಿದೆ. ಮಿಷನ್ ಹೆಬ್ಬೆಟ್ಟು ತೆಗೆದುಕೊಳ್ಳುವುದಿಲ್ಲ. ಆ ಪೋಸ್ಟಣ್ಣ ಅಮ್ಮನ ಕೈ ತೊಳೆಸಿ, ತಮ್ಮ ಟವೆಲ್ಲಿನಲ್ಲಿ ಒರೆಸಿ, ಒಂದೊಂದೇ ಬೆರಳು ಇಟ್ಟು ನೋಡುತ್ತಾರೆ. ಬಲಗೈ ಆದ ಮೇಲೆ ಎಡಗೈ. ಒಂದು ಸಲ ನಲವತ್ತು ನಿಮಿಷ ಕೂತಿದ್ದರು. ಒಂದು ಸಲವೂ ಮುಖ ಸಿಂಡರಿಸಿಲ್ಲ. ಅದು ಕೆಲಸ ಅಲ್ಲ ಅಂತ ಯಾರಾದರೂ ಹೇಳಿದರೆ ನನ್ನನ್ನು ಕರೆಯಿರಿ, ಬಂದು ಹೇಳುತ್ತೇನೆ. ಗ್ರಾಹಕರ ಸಹಿ ಬೇಕಾದರೆ ನಮ್ಮ ಊರಲ್ಲಿ ಎಲ್ಲರೂ ಹಾಕುತ್ತಾರೆ.

ಗುಬ್ಬಿ ರಸ್ತೆ:

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ರಾತ್ರಿ ಸಮಿತಿಯವರ ಜೊತೆ ಫೋನಲ್ಲಿ ಮಾತಾಡಿದೆ.

ಮೊದಲು ಗಡಿ ಊರಿನ ಅಕ್ಕನಿಗೆ. ನಿಮ್ಮ ಮಾತು ನನಗೆ ಹೊಳೆದೇ ಇರಲಿಲ್ಲ. ನಾನು ನನ್ನ ಆಫೀಸು ನೋಡಿಕೊಂಡು ಬರೆದೆ, ಅದು ನನ್ನ ತಪ್ಪು. ಅದಕ್ಕೆ ಸಮಿತಿ ಒಪ್ಪಿರುವುದು ಹೀಗೆ. ಅಳತೆಯಿಂದ ಈಗಿರುವ ಯಾರ ಹಂತವೂ ಇಳಿಯಬಾರದು, ಯಾವ ಆಫೀಸೂ ಮುಚ್ಚಬಾರದು ಅನ್ನುವ ಮಾತನ್ನು ಬರವಣಿಗೆಯಲ್ಲಿ ಕೊಡಿ ಅಂತ ಮೊದಲು ಕೇಳುತ್ತೇವೆ. ಅದು ಸಿಗುವ ತನಕ ನೋಟ್‌ಬುಕ್ ನಮ್ಮ ಕೈಯಲ್ಲೇ ಇರುತ್ತದೆ. ಕೊಡುವಾಗಲೂ ಒಂದೊಂದು ಆಫೀಸಿನ ಹೆಸರು ಹಾಕುವುದಿಲ್ಲ, ತಾಲೂಕಿನ ಒಟ್ಟು ಲೆಕ್ಕ ಮಾತ್ರ. ನಿಮ್ಮ ಹೆಸರು ಹೊರಗೆ ಬರುವುದಿಲ್ಲ.

ಕೋಲಾರದವರೇ, ಯಾರು ಹೇಳಿದರು ಮಾಡಿ ಅಂತ ಅವರು ಕೇಳಲಿ. ಅದೇ ನಮಗೆ ಬೇಕಾಗಿರುವ ಪ್ರಶ್ನೆ. ಹಾಗಾದರೆ ಐದು ಗಂಟೆ ಕೆಲಸ ಆದ ಕೂಡಲೇ ಬಾಗಿಲು ಹಾಕಿ, ಉಳಿದ ಕಾಗದ ನಾಳೆಗೆ ಇಡಿ, ಸಂಜೆ ಮೇಳಕ್ಕೆ ಬರಬೇಡಿ ಅಂತ ಬರೆದುಕೊಡಲಿ. ಯಾರೂ ಬರೆದುಕೊಡುವುದಿಲ್ಲ. ಬರೆದುಕೊಡದಿದ್ದರೆ ಆ ಹೊತ್ತು ಅವರದ್ದು ಅಂತ ಒಪ್ಪಿದ ಹಾಗೆ ಆಯಿತು. ಇನ್ನು ಆಯೋಗದ ವಿಷಯ ಬಿಟ್ಟಿಲ್ಲ. ಅದನ್ನು ಈ ಮೇಜಿಗೆ ತರದೆ ಸಂಘದ ಮೇಲಿನ ಸಮಿತಿಗೆ ಕಳಿಸುತ್ತೇವೆ, ನಮ್ಮ ಗಂಟೆಗಳ ಲೆಕ್ಕದ ಜೊತೆಗೇ. ದೆಹಲಿಯಲ್ಲಿ ಮಾತಾಡುವವರ ಕೈಗೆ ಕೊಡಲು ನಮ್ಮ ಹತ್ತಿರ ಬೇರೆ ಏನಿದೆ ಹೇಳಿ? ನೀವೂ ಕೋಲಾರದಲ್ಲಿ ಬರೆಸಿ. ಮೂರು ಜಿಲ್ಲೆಯದು ಸೇರಿದರೆ ತಳ್ಳಿಹಾಕುವುದು ಕಷ್ಟ.

ಸಿರಾ ಗೇಟ್ ಅಣ್ಣ, ಓಟು ಆಗುತ್ತದೆ. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ. ಬರಲು ಆಗದವರು ಒಂದು ಚೀಟಿಯಲ್ಲಿ ಬೇಕು ಅಥವಾ ಬೇಡ ಅಂತ ಬರೆದು, ಸಹಿ ಹಾಕಿ, ಬರುವವರ ಕೈಯಲ್ಲಿ ಕಳಿಸಿ. ಸಭೆಯಲ್ಲಿ ಏನು ಮಾತಾದರೂ ಅದೇ ರಾತ್ರಿ ಇಲ್ಲಿ ಬರೆಯುತ್ತೇನೆ. ಏನೂ ಆಗದಿದ್ದರೆ ಏನೂ ಆಗಲಿಲ್ಲ ಅಂತಲೇ ಬರೆಯುತ್ತೇನೆ.

ಟಾರ್ಗೆಟ್ ಹೊತ್ತು, ಸಿಗ್ನಲ್‌ಗೆ ಕಾದ ಹೊತ್ತು, ಹೆಬ್ಬೆಟ್ಟಿಗೆ ಕೂತ ಹೊತ್ತು, ಎಲ್ಲಕ್ಕೂ ನೋಟ್‌ಬುಕ್ಕಿನಲ್ಲಿ ಬೇರೆ ಬೇರೆ ಗೆರೆ ಹಾಕಿ.

ಕೋಲಾರಮ್ಮನ ಊರು:

ಮೇಲಿನ ಸಮಿತಿಗೆ ಲೆಕ್ಕದ ಜೊತೆ ಕಳಿಸುವುದಾದರೆ ನನ್ನ ತಕರಾರು ಇಲ್ಲ. ಆ ಮಾತು ಮೊದಲೇ ಬರೆದಿದ್ದರೆ ನಾನು ಅಷ್ಟು ಖಾರವಾಗಿ ಬರೆಯುತ್ತಿರಲಿಲ್ಲ. ನಮ್ಮಲ್ಲಿ ಹನ್ನೊಂದು ಜನ ಒಪ್ಪಿದ್ದಾರೆ. ಟೊಮೆಟೊ ಸೀಸನ್ ಅಲ್ವಾ, ಹೊಲ ಇರುವವರು ಇನ್ನೂ ಮಾತಿಗೆ ಸಿಕ್ಕಿಲ್ಲ. ಸಿಕ್ಕಿದ ಮೇಲೆ ಹೇಳುತ್ತೇನೆ.

ತಿಪಟೂರು ಹಳಬ:

ಒಂದು ಕಿವಿಮಾತು. ಪೆನ್ಸಿಲ್ ಬೇಡ, ಪೆನ್ನಿನಲ್ಲಿ ಬರೆಯಿರಿ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಿರಿ, ಬಿಳಿ ಬಣ್ಣ ಹಚ್ಚಬೇಡಿ. ಆಯಾ ದಿನದ್ದು ಆಯಾ ದಿನವೇ. ಭಾನುವಾರ ಕೂತು ವಾರದ್ದು ಒಟ್ಟಿಗೆ ಬರೆದರೆ ಅಕ್ಷರ ನೋಡಿದ ಕೂಡಲೇ ಗೊತ್ತಾಗುತ್ತದೆ. ಐದು ನಿಮಿಷವನ್ನು ಹತ್ತು ಅಂತ ಮಾತ್ರ ಯಾರೂ ಬರೆಯಬೇಡಿ. ಒಬ್ಬನ ಸುಳ್ಳು ಸಿಕ್ಕಿಬಿದ್ದರೆ ಇನ್ನೂರು ಜನರ ನಿಜ ಹಾಳಾಗುತ್ತದೆ.

ಸಿರಾ ಗೇಟ್:

ಓಟು ಹಾಕಿ ಬಂದೆ. ಚೀಟಿಯೂ ಸೇರಿ ಬೇಕು ಅಂದವರು 94, ಬೇಡ ಅಂದವರು 17. ಎಣಿಸುವಾಗ ನಾನೂ ಪಕ್ಕದಲ್ಲಿ ಕೂತಿದ್ದೆ. ಬೇಡ ಅಂದವರಲ್ಲಿ ಇಬ್ಬರು ಎದ್ದು ನಿಂತು ಯಾಕೆ ಅಂತ ಹೇಳಿದರು, ಎಲ್ಲರೂ ಪೂರ್ತಿ ಕೇಳಿಸಿಕೊಂಡರು. ಚಂದಾ ಕಟ್ಟಿದೆ.

ಗಡಿ ಊರಿನ ಬಿಪಿಎಂ:

ನಾನು ಬೇಡ ಅಂತ ಚೀಟಿ ಕಳಿಸಿದ್ದೆ. ಸುಳ್ಳು ಹೇಳುವುದಿಲ್ಲ. ಆದರೂ ಬಹುಮತ ಬಂದ ಮೇಲೆ ಬರೆಯಬೇಕು ಅಂತ ಒಂದು ವಾರ ಬರೆದೆ. ನನ್ನ ಮಗಳ ಹಳೇ ಗಣಿತದ ನೋಟ್‌ಬುಕ್, ಹಿಂದಿನಿಂದ ಶುರು ಮಾಡಿದೆ. ನಿನ್ನೆಯದನ್ನು ಹಾಗೇ ಇಲ್ಲಿ ಹಾಕುತ್ತೇನೆ. ಸರಿ ಇದೆಯಾ ನೋಡಿ ಹೇಳಿ.

8.50 ಕೋಣೆ ಗುಡಿಸಿ ಬಾಗಿಲು ತೆಗೆದೆ. 9.25 ಚೀಲ ಬಂತು, ಬಸ್ಸು ಲೇಟು. ಸ್ಪೀಡ್ ಪೋಸ್ಟ್ 3, ಮಾಮೂಲಿ ಕಾಗದ 6.

9.40 ಸಿಗ್ನಲ್ ಇಲ್ಲ. ಮಹಡಿ ಮೇಲೆ ನೀರಿನ ಟ್ಯಾಂಕ್ ಹತ್ತಿರ ಹೋದರೆ ಒಂದು ಕಡ್ಡಿ ಬರುತ್ತದೆ. ಫೋನ್ ಹಿಡಿದು ಅಲ್ಲೇ ನಿಂತೆ. 10.30ಕ್ಕೆ ಲಾಗಿನ್ ಆಯಿತು. ಕಾದಿದ್ದು 50 ನಿಮಿಷ.

10.30ರಿಂದ 12.15 ಆರ್‌ಡಿ 2, ಎಸ್‌ಬಿಯಿಂದ ದುಡ್ಡು ತೆಗೆದವರು 1, ಹೆಬ್ಬೆಟ್ಟಿನ ದುಡ್ಡು 2. ಅದರಲ್ಲಿ ಒಬ್ಬ ಅಜ್ಜಿಗೆ 25 ನಿಮಿಷ.

12.15ರಿಂದ 1.30 ಸುಕನ್ಯಾ ಖಾತೆ ಬಗ್ಗೆ ಕೇಳಲು ಮೂರು ಜನ ತಾಯಂದಿರು ಬಂದರು. ತೆಲುಗಲ್ಲಿ ವಿವರಿಸಿದೆ. ಖಾತೆ ಆಗಲಿಲ್ಲ, ಮುಂದಿನ ವಾರ ಅಂದರು.

3.00ರಿಂದ 4.20 ದಿನದ ಲೆಕ್ಕ, ಚೀಲ ಕಟ್ಟಿದ್ದು, ಬಸ್ಸಿಗೆ ಕೊಟ್ಟಿದ್ದು. ಸಿಗ್ನಲ್‌ಗೆ ಮತ್ತೆ ಮಹಡಿ, 15 ನಿಮಿಷ.

ಒಟ್ಟು 6 ಗಂಟೆ. ವ್ಯವಹಾರ ಐದೇ. ನನಗೆ ಕೆಲಸ ಕಮ್ಮಿ ಅಂತ ನಾನೇ ಹತ್ತು ವರ್ಷದಿಂದ ನಂಬಿಕೊಂಡಿದ್ದೆ. ಬರೆದು ಕೂಡಿದಾಗ ನನಗೇ ಆಶ್ಚರ್ಯ ಆಯಿತು. ಮೂರು ಸಲ ಕೂಡಿ ನೋಡಿದೆ.

ಇನ್ನೊಂದು ಇದೆ. ರಾತ್ರಿ 8.15ಕ್ಕೆ ಪಕ್ಕದ ಬೀದಿಯ ಹುಡುಗ ಬಾಗಿಲು ತಟ್ಟಿದ. ಬೆಂಗಳೂರಿಂದ ಕೆಲಸದ ಸಂದರ್ಶನಕ್ಕೆ ಪತ್ರ ಬರಬೇಕಿತ್ತಂತೆ, ಎಲ್ಲಿದೆ ನೋಡಿ ಅಕ್ಕ ಅಂದ. ಊಟದ ಕೈ ತೊಳೆದು, ಮಹಡಿ ಹತ್ತಿ, ಅವನ ನಂಬರ್ ಹಾಕಿ ನೋಡಿದೆ. ತುಮಕೂರಿಗೆ ಬಂದಿತ್ತು, ನಾಳೆ ಸಿಗುತ್ತದೆ ಅಂದೆ. 20 ನಿಮಿಷ. ಇದನ್ನು ಕೆಲಸ ಅಂತ ಬರೆಯಬೇಕೋ, ಬೇಡವೋ?

ಗುಬ್ಬಿ ರಸ್ತೆ:

ಬರೆಯಿರಿ ಅಕ್ಕ. ಅದೇ 20 ನಿಮಿಷ ಅಂತ ಬರೆಯಿರಿ.